ವಿಷವೇ ಮದ್ದಾಗುವ ಬಗೆ: ನರವ್ಯೂಹದ ಪಾಠಕ್ಕೊಂದು ಉದಾಹರಣೆ

ನರಕೋಶಗಳ ನಡುವೆ ಸಂದೇಶ ಸಾಗುವ ಬಗೆಯನ್ನು ಬೋಧಿಸುವಾಗ ಕಡಲಿನ ಕೋನ್ ಬಸವನಹುಳುವಿನ ಉದಾಹರಣೆ ಉಪಯುಕ್ತ. ಶಂಕುವಿನಾಕಾರದ ಚಿಪ್ಪಿನ ಈ ಜೀವಿ ಈಟಿಯಂಥ ಟೊಳ್ಳು ಹಲ್ಲಿನಿಂದ ಬೇಟೆಗೆ ವಿಷ ಚುಚ್ಚುತ್ತದೆ. ವಿಷದಲ್ಲಿರುವುದು ಕೋನೊಟಾಕ್ಸಿನ್ ಎಂಬ ಚಿಕ್ಕ ಪೆಪ್ಟೈಡ್‌ಗಳು.

ಕೋನಸ್ ಮ್ಯಾಗಸ್ ಪ್ರಭೇದದ ಇಂಥ ಒಂದು ಪೆಪ್ಟೈಡನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಬಾಲ್ಡೊಮೆರೊ ಒಲಿವೆರಾ ಅವರ ತಂಡ ಗುರುತಿಸಿತು. 25 ಅಮೈನೊ ಆಮ್ಲಗಳ ಅದರ ಕೃತಕ ರೂಪವೇ ಝಿಕೊನೊಟೈಡ್. ತೀವ್ರವಾದ ದೀರ್ಘಕಾಲದ ನೋವಿಗೆ 2004ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಬೆನ್ನುಹುರಿಯ ನರತುದಿಗಳಲ್ಲಿ ಕ್ಯಾಲ್ಸಿಯಂ ಒಳಹೋಗುವ ನಾಳವನ್ನು ಅದು ಮುಚ್ಚುತ್ತದೆ. ಕ್ಯಾಲ್ಸಿಯಂ ಬಾರದಿದ್ದರೆ ನರವಾಹಕ ಬಿಡುಗಡೆಯಾಗದು. ನೋವಿನ ಸಂದೇಶ ಮುಂದೆ ಸಾಗದು.

ಇಲ್ಲಿ ತರಗತಿಗೆ ಕೇಳಿ: “ಇದನ್ನು ಮಾತ್ರೆಯಾಗಿ ನುಂಗಿದರೆ?” ಪ್ರೋಟೀನಿನ ಜೀರ್ಣಕ್ರಿಯೆ ಕಲಿತವರು ಪೆಪ್ಟೈಡ್ ಹೊಟ್ಟೆಯಲ್ಲೇ ಒಡೆಯುತ್ತದೆ ಎಂದು ಊಹಿಸಬಲ್ಲರು. ರಕ್ತಕ್ಕೆ ಚುಚ್ಚಿದರೂ ಬೆನ್ನುಹುರಿಗೆ ಸಾಕಷ್ಟು ತಲುಪದು. ಆದ್ದರಿಂದ ಪಂಪಿನ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಸೇರಿಸುತ್ತಾರೆ. ಗೊಂದಲ, ಭ್ರಮೆಯಂಥ ಅಡ್ಡಪರಿಣಾಮಗಳೂ ಉಂಟು.

“ವಿಷ ಸ್ವಲ್ಪವಾದರೆ ಔಷಧ” ಎಂಬ ತಪ್ಪುಕಲ್ಪನೆ ಉಳಿಯಬಾರದು. ಮದ್ದಾದದ್ದು ಇಡೀ ವಿಷವಲ್ಲ, ಅದರಿಂದ ಬೇರ್ಪಡಿಸಿ ಪರೀಕ್ಷಿಸಿದ ಒಂದೇ ಅಣು. ಕೋನಸ್ ಜಿಯೋಗ್ರಾಫಸ್ ಚುಚ್ಚಿ ಮನುಷ್ಯರು ಸತ್ತಿದ್ದಾರೆ, ಅದಕ್ಕೆ ಪ್ರತಿವಿಷವಿಲ್ಲ. ಜೀವಂತ ಕೋನ್ ಚಿಪ್ಪನ್ನು ಮುಟ್ಟಬಾರದೆಂದು ಪ್ರವಾಸಕ್ಕೆ ಮೊದಲೇ ಮಕ್ಕಳಿಗೆ ತಿಳಿಸಿ.

ಮೌಲ್ಯಮಾಪನ: ಕ್ಯಾಲ್ಸಿಯಂ ನಾಳ ಮುಚ್ಚಿದರೆ ನೋವು ತಗ್ಗುವುದೇಕೆ? ಚಿತ್ರ ಬರೆದು ವಿವರಿಸಿ.