ಅಸೆಟ್ಟೋ ಕೋರ್ಸಾದಲ್ಲಿ ಮಾರುತಿ 800: ಕಾರಿನ ಮಾಡೆಲ್ ಹೊಂದಿಸೋದು ಹೇಗೆ?

ರೇಸಿಂಗ್ ಗೇಮ್ ಆಡೋರಿಗೆ ಅಸೆಟ್ಟೋ ಕೋರ್ಸಾ ಹೊಸದೇನಲ್ಲ. ಇಟಲಿಯ ಕುನೋಸ್ ಸಿಮುಲಾಜಿಯೋನಿ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ ಈ ಗೇಮ್ ಇವತ್ತಿಗೂ ಓಡ್ತಿರೋದಕ್ಕೆ ದೊಡ್ಡ ಕಾರಣ ಮಾಡ್‌ಗಳು. ಆದರೆ ಎಷ್ಟೋ ಮಾಡ್ ಕಾರುಗಳು ನೋಡೋಕೆ ಚೆನ್ನಾಗಿರ್ತವೆ, ಓಡಿಸಿದ್ರೆ ಆಟಿಕೆ ಥರ ಇರ್ತವೆ. ಯಾಕೆ ಅಂದ್ರೆ 3ಡಿ ಮಾಡೆಲ್ ಬರೀ ಚರ್ಮ. ಕಾರು ಇರೋದು ಡೇಟಾ ಫೋಲ್ಡರ್‌ನಲ್ಲಿರುವ ಸಂಖ್ಯೆಗಳಲ್ಲಿ. ಆ ಸಂಖ್ಯೆಗಳನ್ನು ಲೆಕ್ಕ ಹಾಕೋಕೆ ನಮ್ಮ ಮೆಕ್ಯಾನಿಕ್ಸ್ ಸಾಕು. ನಮಗೆಲ್ಲ ಗೊತ್ತಿರುವ ಮಾರುತಿ 800 ಅನ್ನೇ ಉದಾಹರಣೆಗೆ ತಗೊಳ್ಳೋಣ.

1. ಶುರು ಮಾಡೋ ಮುಂಚೆ

ಕಾರಿನ ಫೋಲ್ಡರ್ ಅನ್ನು ಪೂರ್ತಿ ಕಾಪಿ ಮಾಡಿ, ಹೊಸ ಹೆಸರು ಕೊಟ್ಟು, ಆ ಕಾಪಿಯಲ್ಲೇ ಕೆಲಸ ಮಾಡಿ. ಡೇಟಾ ಪ್ಯಾಕ್ ಆಗಿದ್ರೆ ಕಂಟೆಂಟ್ ಮ್ಯಾನೇಜರ್‌ನಿಂದ ಅನ್‌ಪ್ಯಾಕ್ ಮಾಡಬಹುದು. ಒಳಗಿರೋದೆಲ್ಲ ಸಾದಾ ಟೆಕ್ಸ್ಟ್ ಫೈಲ್‌ಗಳು, ನೋಟ್‌ಪ್ಯಾಡ್ ಸಾಕು.

2. ತೂಕ ಮತ್ತು ಚಕ್ರದ ಜಾಗ

ಕಾರ್ ಫೈಲ್‌ನ 'ಟೋಟಲ್ ಮಾಸ್'ನಲ್ಲಿ ಡ್ರೈವರ್ ತೂಕವೂ ಸೇರಬೇಕು, ಪೆಟ್ರೋಲ್ ಸೇರಬಾರದು. ಮಾರುತಿ ಸುಮಾರು 650 ಕೆ.ಜಿ, ಡ್ರೈವರ್ 75 ಕೆ.ಜಿ, ಒಟ್ಟು 725.

ಸಸ್ಪೆನ್ಷನ್ ಫೈಲ್‌ನಲ್ಲಿ ವೀಲ್‌ಬೇಸ್ 2.175 ಮೀಟರ್. 'ಸಿಜಿ ಲೊಕೇಶನ್' ಅಂದ್ರೆ ಮುಂದಿನ ಚಕ್ರಗಳ ಮೇಲೆ ಬೀಳುವ ತೂಕದ ಪಾಲು. ಎಂಜಿನ್ ಮುಂದಿದೆ, ಹಾಗಾಗಿ 0.60 ಅಂತ ಇಟ್ಕೊಳ್ಳೋಣ. ಟೈರ್ 145/70 ಆರ್12 ಆದ್ದರಿಂದ ತ್ರಿಜ್ಯ ಹೀಗೆ ಬರುತ್ತೆ: ರಿಮ್‌ನ ಅರ್ಧ 152.4 ಮಿ.ಮೀ, ಟೈರ್ ಗೋಡೆ 145 × 0.7 = 101.5 ಮಿ.ಮೀ, ಒಟ್ಟು ಸುಮಾರು 0.254 ಮೀಟರ್.

ಇಷ್ಟು ಹಾಕಿದ ಮೇಲೆ ಗೇಮ್ ತೆರೆದರೆ ಚಕ್ರಗಳು ಬಾಡಿಯ ಕಮಾನಿನಲ್ಲಿ ಸರಿಯಾಗಿ ಕೂರದೇ ಇರಬಹುದು. ಆಗ ವೀಲ್‌ಬೇಸ್ ಅನ್ನು ಎಳೆದಾಡಬೇಡಿ! ಗೇಮ್ ಚಕ್ರಗಳ ಜಾಗವನ್ನು ಗುರುತ್ವ ಕೇಂದ್ರದಿಂದ ಅಳೆಯುತ್ತೆ. ಬಾಡಿಯನ್ನು ಮಾತ್ರ ಸರಿಸೋಕೆ ಕಾರ್ ಫೈಲ್‌ನಲ್ಲಿ 'ಗ್ರಾಫಿಕ್ಸ್ ಆಫ್‌ಸೆಟ್' ಇದೆ. ಅದರ ಎರಡನೇ ಸಂಖ್ಯೆ ಮೇಲೆ-ಕೆಳಗೆ, ಮೂರನೆಯದು ಹಿಂದೆ-ಮುಂದೆ. ಇದು ಕಣ್ಣಿಗೆ ಮಾತ್ರ, ಕಾರಿನ ನಡತೆ ಬದಲಾಗಲ್ಲ.

3. ಸ್ಪ್ರಿಂಗ್: ಹೆಚ್ಚು ಮಾಡ್‌ಗಳು ಕೆಡೋದು ಇಲ್ಲೇ

'ಸ್ಪ್ರಿಂಗ್ ರೇಟ್' ಅಂತ ಹೆಸರಿದ್ರೂ ಗೇಮ್ ಕೇಳೋದು ಚಕ್ರದ ಬಳಿಯ ಗಡಸುತನ, ಅಂದ್ರೆ ವೀಲ್ ರೇಟ್. ನಿಜವಾದ ಸ್ಪ್ರಿಂಗ್‌ನ ಸಂಖ್ಯೆ ಸಿಕ್ಕರೆ ಅದನ್ನು ಮೋಷನ್ ರೇಶಿಯೋದ ವರ್ಗದಿಂದ ಗುಣಿಸಬೇಕು. ಸಿಗದಿದ್ರೆ ಫ್ರೀಕ್ವೆನ್ಸಿಯಿಂದ ಹೊರಡೋಣ.

ಮುಂದಿನ ಪಾಲು 725 × 0.60 = 435 ಕೆ.ಜಿ. ಒಂದು ಚಕ್ರಕ್ಕೆ 217.5. ಚಕ್ರ, ಹಬ್ ಇತ್ಯಾದಿ ಸುಮಾರು 22 ಕೆ.ಜಿ ಕಳೆದರೆ 195 ಉಳಿಯುತ್ತೆ. ರಸ್ತೆ ಕಾರಿಗೆ 1.5 ಹರ್ಟ್ಸ್ ಅಂತ ತಗೊಂಡ್ರೆ:

ಗಡಸುತನ = (2π × 1.5)² × 195 = ಸುಮಾರು 17,300 ನ್ಯೂಟನ್/ಮೀಟರ್.

ಯಾವುದೋ ರೇಸ್ ಕಾರಿನಿಂದ 60,000 ಅಂತ ಕಾಪಿ ಮಾಡಿದ್ರೆ ಫ್ರೀಕ್ವೆನ್ಸಿ 2.8 ಹರ್ಟ್ಸ್ ಆಗುತ್ತೆ. ಪ್ರತಿ ಉಬ್ಬಿಗೂ ಮಾರುತಿ ಕುಣಿಯುತ್ತೆ!

ಡ್ಯಾಂಪರ್‌ಗೂ ಇದೇ ದಾರಿ. ಕ್ರಿಟಿಕಲ್ ಡ್ಯಾಂಪಿಂಗ್ = 2√(17,300 × 195) = ಸುಮಾರು 3,670. ಅದರ 30% ಅಂದ್ರೆ ಸುಮಾರು 1,100 ನ್ಯೂಟನ್-ಸೆಕೆಂಡ್/ಮೀಟರ್. ಇದು ಸರಾಸರಿ. ಬಂಪ್‌ಗೆ ಸ್ವಲ್ಪ ಕಮ್ಮಿ, ರಿಬೌಂಡ್‌ಗೆ ಸ್ವಲ್ಪ ಜಾಸ್ತಿ ಕೊಡಿ.

4. ಎಂಜಿನ್

ಪವರ್ ಫೈಲ್‌ನಲ್ಲಿ ಪ್ರತಿ ಸಾಲೂ ಆರ್‌ಪಿಎಂ ಮತ್ತು ಟಾರ್ಕ್‌ನ ಜೋಡಿ. ಇಲ್ಲಿ ಬರೆಯಬೇಕಾದ್ದು ಪ್ರಸರಣದ ನಷ್ಟ ಕಳೆದ ಟಾರ್ಕ್. 796 ಸಿಸಿ ಎಂಜಿನ್‌ನ ಗರಿಷ್ಠ ಟಾರ್ಕ್ 59 ನ್ಯೂಟನ್-ಮೀಟರ್. 15% ನಷ್ಟ ಅಂದುಕೊಂಡ್ರೆ ಹಾಕಬೇಕಾದ್ದು ಸುಮಾರು 50.

5. ಪರೀಕ್ಷೆ

ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ, ಅದೇ ಟ್ರ್ಯಾಕ್‌ನಲ್ಲಿ ಓಡಿಸಿ, ಬರೆದಿಟ್ಕೊಳ್ಳಿ. ನಾಲ್ಕು ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಲ್ಯಾಬ್‌ನಲ್ಲೂ ಇದೇ ನಿಯಮ ಅಲ್ವಾ?

ಇನ್ನೊಂದು ಮಾತು. ಬೇರೆಯವರ ಮಾಡೆಲ್ ಬಳಸಿದ್ರೆ ಹಂಚೋ ಮುಂಚೆ ಅವರ ಅನುಮತಿ ಕೇಳಿ, ಹೆಸರು ಹಾಕಿ. ಒಂದು ಬಾಡಿ ಕೂರಿಸೋಕೆ ಯಾರೋ ತಿಂಗಳುಗಟ್ಟಲೆ ನಿದ್ದೆಗೆಟ್ಟಿರ್ತಾರೆ.

ಈಗ ನಿಮ್ಮ ಸರದಿ: ಹಿಂದಿನ ಚಕ್ರಕ್ಕೆ ಇದೇ ಲೆಕ್ಕ ಮಾಡಿ. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತೆ, ಆಮೇಲೆ ಹಿಂದಿನದಕ್ಕೆ. ಹಾಗಾದ್ರೆ ಹಿಂದಿನ ಫ್ರೀಕ್ವೆನ್ಸಿ ಜಾಸ್ತಿ ಇರಬೇಕಾ, ಕಮ್ಮಿ ಇರಬೇಕಾ? ಎರಡನ್ನೂ ಹಾಕಿ ಓಡಿಸಿ ನೋಡಿ, ಉತ್ತರ ಸ್ಟೀರಿಂಗ್‌ನಲ್ಲೇ ಸಿಗುತ್ತೆ.