ತೀವ್ರ ಅಪೌಷ್ಟಿಕತೆ: ಮನೆಯ ಆರೈಕೆ ಯಾವಾಗ, ಆಸ್ಪತ್ರೆ ಯಾವಾಗ?

ಮಗು ಸೊರಗುತ್ತಾ ಹೋದರೆ 'ದೃಷ್ಟಿ ತಾಗಿರಬೇಕು' ಎನ್ನುವವರು ನಮ್ಮ ನಡುವೆ ಈಗಲೂ ಇದ್ದಾರೆ. ಅದೇ ಮಗುವಿನ ಮುಖ, ಕಾಲು ಊದಿಕೊಂಡರೆ 'ಸದ್ಯ, ಸ್ವಲ್ಪ ಮೈ ಹಿಡಿಯಿತು' ಎಂದು ಸಮಾಧಾನಪಡುವವರೂ ಇದ್ದಾರೆ. ಇವೆರಡೂ ತೀವ್ರ ಅಪೌಷ್ಟಿಕತೆಯ ಲಕ್ಷಣಗಳಾಗಿರಬಹುದು. ಅದರಲ್ಲೂ ಊತವನ್ನು ಒಂದು ದಿನವೂ ಕಡೆಗಣಿಸಬಾರದು.

ಗುರುತಿಸುವುದು ಕಷ್ಟವೇನಲ್ಲ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಎಡತೋಳನ್ನು, ಭುಜ ಮತ್ತು ಮೊಣಕೈಯ ಸರಿಯಾಗಿ ನಡುವೆ, ಅಳತೆ ಪಟ್ಟಿಯಿಂದ ಅಳೆಯುತ್ತಾರೆ. ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ಪಟ್ಟಿಯ ಕೆಂಪು ಭಾಗ, ಅಂದರೆ ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ, ಅದರ ಮೇಲೆ ಹಸಿರು. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಕುಳಿ ಉಳಿದರೆ, ತೋಳಿನ ಅಳತೆ ಎಷ್ಟೇ ಇದ್ದರೂ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಪಶ್ಚಿಮ ಆಫ್ರಿಕಾದ ನೈಜರ್‌ನ ಮಿರ್ರಿಯಾ ಪ್ರದೇಶದಲ್ಲಿ ಈ ಬಣ್ಣದ ಪಟ್ಟಿಯನ್ನು ತಾಯಂದಿರ ಕೈಗೇ ಕೊಟ್ಟು ನೋಡಿದರು. ಓದು ಬರಹ ತಿಳಿಯದ ತಾಯಂದಿರೂ ತರಬೇತಿ ಪಡೆದ ಕಾರ್ಯಕರ್ತರಂತೆಯೇ ಸರಿಯಾಗಿ ಅಳೆದರು.

ಹಿಂದೆ ಇಂಥ ಮಗುವಿಗೆ ಇದ್ದದ್ದು ಒಂದೇ ದಾರಿ. ಆಸ್ಪತ್ರೆಗೆ ಸೇರಿಸಿ, ವಿಶೇಷ ಹಾಲು ಕುಡಿಸುತ್ತಾ ವಾರಗಟ್ಟಲೆ ಅಲ್ಲೇ ಇಟ್ಟುಕೊಳ್ಳುವುದು. ಮನೆಯಲ್ಲಿ ಇನ್ನೂ ಮೂರು ಮಕ್ಕಳನ್ನೂ ಹೊಲದ ಕೆಲಸವನ್ನೂ ಬಿಟ್ಟು ತಾಯಿ ಅಲ್ಲಿ ಎಷ್ಟು ದಿನ ಕೂರಬಲ್ಲಳು? ಅನೇಕರು ಅರ್ಧಕ್ಕೇ ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಇನ್ನು ಕೆಲವರು ಬರುವಷ್ಟರಲ್ಲೇ ಕಾಲ ಮಿಂಚಿರುತ್ತಿತ್ತು. ತುಂಬಿದ ವಾರ್ಡಿನಲ್ಲಿ ಮಕ್ಕಳಿಗೆ ಒಬ್ಬರಿಂದೊಬ್ಬರಿಗೆ ಸೋಂಕು ತಗಲುವುದೂ ಇತ್ತು.

ಇದನ್ನು ಬದಲಿಸಿದ್ದು ಒಂದು ಪೇಸ್ಟ್. 1996ರಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂ ಮತ್ತು ಮಿಷೆಲ್ ಲೆಸ್ಕಾನ್ ಸೇರಿ ಕಡಲೆಕಾಯಿ, ಹಾಲಿನ ಪುಡಿ, ಸಸ್ಯಜನ್ಯ ಎಣ್ಣೆ, ಸಕ್ಕರೆ, ಜೀವಸತ್ವ ಹಾಗೂ ಖನಿಜಗಳನ್ನು ಬೆರೆಸಿ ಇದನ್ನು ರೂಪಿಸಿದರು. 92 ಗ್ರಾಂನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ. ಅದರ ನಿಜವಾದ ಗುಣ ಬೇರೆಯೇ ಇದೆ. ಅದಕ್ಕೆ ನೀರು ಬೆರೆಸಬೇಕಾಗಿಲ್ಲ, ಬೇಯಿಸಬೇಕಾಗಿಲ್ಲ. ನೀರಿನ ಅಂಶವಿಲ್ಲದ್ದರಿಂದ ಅದರಲ್ಲಿ ರೋಗಾಣುಗಳು ಬೆಳೆಯುವುದಿಲ್ಲ. ಶುದ್ಧ ನೀರೂ ಫ್ರಿಜ್ಜೂ ಇಲ್ಲದ ಗುಡಿಸಲಿಗೂ ಹಾಗೆಯೇ ಕೊಟ್ಟು ಕಳುಹಿಸಬಹುದು. 2005ರಲ್ಲಿ ನೈಜರ್‌ನಲ್ಲಿ ಹಸಿವು ಹಬ್ಬಿದಾಗ ಗಡಿಗಳಿಲ್ಲದ ವೈದ್ಯರ ಸಂಸ್ಥೆ ತೀವ್ರ ಅಪೌಷ್ಟಿಕತೆಯ 60,000ಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಕೊಟ್ಟಿತು. ಅವರಲ್ಲಿ ಬಹುಪಾಲು ಮಕ್ಕಳು ಮನೆಯಲ್ಲೇ ಇದ್ದು ವಾರಕ್ಕೊಮ್ಮೆ ಕೇಂದ್ರಕ್ಕೆ ಬರುತ್ತಿದ್ದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಜಂಟಿಯಾಗಿ ಈ ಕ್ರಮವನ್ನು ಒಪ್ಪಿಕೊಂಡವು.

ಹಾಗೆಂದು ಎಲ್ಲ ಮಕ್ಕಳನ್ನೂ ಮನೆಗೆ ಕಳುಹಿಸುವುದಿಲ್ಲ. ಕೇಂದ್ರದಲ್ಲೇ ಶಾಂತವಾದ ಜಾಗದಲ್ಲಿ ಕುಳಿತು, ಕೈ ತೊಳೆದುಕೊಂಡು, ತಾಯಿ ಮಗುವಿಗೆ ಈ ಆಹಾರವನ್ನು ಕೊಡಬೇಕು. ಒತ್ತಾಯ ಮಾಡುವಂತಿಲ್ಲ. ಮಗು ತಾನಾಗಿ ತಿಂದರೆ, ಜ್ವರ, ಉಸಿರಾಟದ ತೊಂದರೆಯಂಥ ಬೇರೆ ಕಾಯಿಲೆ ಇಲ್ಲದಿದ್ದರೆ, ಮನೆಯ ಆರೈಕೆ. ಹಸಿವೇ ಸತ್ತುಹೋಗಿದ್ದರೆ ಒಳಗೆ ಏನೋ ಕೆಟ್ಟಿದೆ ಎಂದರ್ಥ, ಆ ಮಗು ಆಸ್ಪತ್ರೆಯಲ್ಲೇ ಇರಬೇಕು. ಸೊರಗಿದ ಮಗುವಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಆದ್ದರಿಂದಲೇ ಮನೆಗೆ ಹೋಗುವ ಮಗುವಿಗೂ ವೈದ್ಯರು ಕೆಲವು ದಿನಗಳ ಆಂಟಿಬಯೋಟಿಕ್ ಬರೆದುಕೊಡುತ್ತಾರೆ. ಅದನ್ನು ಪೂರ್ತಿ ಮುಗಿಸಿ.

ಮನೆಯಲ್ಲಿ ಗಮನಿಸಬೇಕಾದ್ದು: ಎದೆಹಾಲು ಕುಡಿಯುವ ಮಗುವಿಗೆ ಮೊದಲು ಎದೆಹಾಲು, ನಂತರ ಪೇಸ್ಟ್. ಏಳು ಕಿಲೋ ತೂಕದ ಮಗುವಿಗೆ ದಿನಕ್ಕೆ ಎರಡೂವರೆಯಿಂದ ಮೂರು ಪೊಟ್ಟಣ ಬೇಕಾಗುತ್ತದೆ. ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ಜೊತೆಗೆ ಕಾಯಿಸಿ ಆರಿಸಿದ ನೀರನ್ನು ಧಾರಾಳವಾಗಿ ಕುಡಿಸಿ. ಪೇಸ್ಟ್ ಸಿಹಿಯಾಗಿರುವುದರಿಂದ ಅಣ್ಣ ಅಕ್ಕಂದಿರ ಕಣ್ಣು ಅದರ ಮೇಲೆ ಬೀಳುವುದು ಸಹಜ. ಆದರೆ ಅದು ಔಷಧ, ಹಂಚಿಕೊಳ್ಳುವ ತಿಂಡಿಯಲ್ಲ. ಅಂಗಡಿಯ ಕಡಲೆ ಚಿಕ್ಕಿ ಅದಕ್ಕೆ ಬದಲಿಯೂ ಅಲ್ಲ. ಹಾಲು, ಸತು, ಪೊಟ್ಯಾಸಿಯಂ ಅದರಲ್ಲಿ ಬೇಕಾದಷ್ಟು ಇರುವುದಿಲ್ಲ.

ಮಗು ತಿನ್ನಲು ಒಲ್ಲೆ ಎಂದರೆ, ಬಿಡದೆ ವಾಂತಿ ಮಾಡಿದರೆ, ಭೇದಿ ಹೆಚ್ಚಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಮಂಕಾಗಿ ಮಲಗಿದರೆ, ಊತ ಕಾಣಿಸಿಕೊಂಡರೆ ಮುಂದಿನ ವಾರದ ಭೇಟಿಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. 'ನಿಶ್ಶಕ್ತಿ' ಎಂದು ಯಾರೋ ಗ್ಲೂಕೋಸ್ ಬಾಟಲಿ ಏರಿಸಲು ಒಪ್ಪಬೇಡಿ. ಇಂಥ ಮಗುವಿನ ಹೃದಯ ದುರ್ಬಲವಾಗಿರುತ್ತದೆ, ನರಕ್ಕೆ ಸುರಿದ ಹೆಚ್ಚಿನ ದ್ರವವೇ ಪ್ರಾಣಕ್ಕೆ ಮುಳುವಾಗಬಹುದು. ಅದು ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಮಕ್ಕಳ ತಜ್ಞರು.

ನಮ್ಮಲ್ಲಿ ಈ ಪೊಟ್ಟಣ ಎಲ್ಲ ಕಡೆ ಸಿಗುವುದಿಲ್ಲ. ಆದರೆ 2023ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯಲ್ಲೂ ಹಸಿವಿನ ಪರೀಕ್ಷೆಯೇ ಮುಖ್ಯ. ಅದರಲ್ಲಿ ತೇರ್ಗಡೆಯಾದ, ಬೇರೆ ಕಾಯಿಲೆಯಿಲ್ಲದ ಮಗುವಿಗೆ ಅಂಗನವಾಡಿಯ ಮೂಲಕ ಆರೈಕೆ, ಉಳಿದವರಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರ. ಅಂಗನವಾಡಿಯಲ್ಲಿ ತೋಳು ಅಳೆಸಲು, ತೂಕ ಮಾಡಿಸಲು ಸಂಕೋಚ ಬೇಡ. 'ನಮ್ಮ ಮಗುವನ್ನು ಬಡವರ ಪಟ್ಟಿಗೆ ಸೇರಿಸುತ್ತಾರೆ' ಎಂಬ ಹಿಂಜರಿಕೆಯಿಂದ ಎಷ್ಟೋ ಮಕ್ಕಳು ತಡವಾಗಿ ಬರುತ್ತಾರೆ. ಮೇಲಿಂದ ಮೇಲೆ ಭೇದಿಯಾದರೆ, ಕ್ಷಯ ಇದ್ದರೆ, ಉಳ್ಳವರ ಮನೆಯ ಮಗುವೂ ಸೊರಗುತ್ತದೆ. ಒಂದು ಮಗುವಿನ ತೋಳು ಕೆಂಪು ಭಾಗಕ್ಕೆ ಬಂದಿದ್ದರೆ, ಅದೇ ಮನೆಯ ಉಳಿದ ಚಿಕ್ಕ ಮಕ್ಕಳ ತೋಳನ್ನೂ ಅದೇ ದಿನ ಅಳೆಸಿ.