ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು: ಹಳೆಯ ಹಾಯಿದೋಣಿಯ ಚುಕ್ಕಾಣಿ

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದಾರೆ. ಚೆಸಪೀಕ್ ಕೊಲ್ಲಿಯಲ್ಲಿ ಓಡಾಡಲು 1980ರ ಸುಮಾರಿನ 30 ಅಡಿಯ ಹಾಯಿದೋಣಿಯೊಂದನ್ನು ಕೊಂಡಿದ್ದಾರೆ. ಪರೀಕ್ಷೆ ಮಾಡಿದವರು ಚುಕ್ಕಾಣಿಯನ್ನು ಬಿಚ್ಚಿಯೇ ನೋಡಬೇಕು, ಬದಲಾಯಿಸಬೇಕಾಗಿಯೂ ಬರಬಹುದು ಎಂದಿದ್ದಾರಂತೆ. ಅದರ ಹೊರಮೈ ಫೈಬರ್‌ಗ್ಲಾಸ್, ಒಳಗಿನ ದಂಡ ಸ್ಟೇನ್‌ಲೆಸ್ ಸ್ಟೀಲ್. ಒಂದಕ್ಕೆ ಗೆದ್ದಲು ಹತ್ತುವುದಿಲ್ಲ, ಇನ್ನೊಂದಕ್ಕೆ ತುಕ್ಕು ಹಿಡಿಯುವುದಿಲ್ಲ. ಹಾಗಿದ್ದ ಮೇಲೆ ಕೆಡುವುದೇನು?
– ಓದುಗರೊಬ್ಬರು, ಧಾರವಾಡ

ಉತ್ತರ: ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ, ಅದಕ್ಕೆ ಆಮ್ಲಜನಕ ಸಿಗದೆ ಹೋದರೆ. ಹಳೆಯ ಚುಕ್ಕಾಣಿಯ ಒಳಗೆ ಆಗುವುದೂ ಅದೇ.

ಈ ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದೊಡನೆ ಸೇರಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಗೀರು ಬಿದ್ದರೆ ಪದರ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ದಿನವೂ ಉಜ್ಜಿ ತೊಳೆದು ಗಾಳಿಗೆ ಬೋರಲಿಡುವ ಅಡುಗೆಮನೆಯ ಪಾತ್ರೆ ವರ್ಷಗಟ್ಟಲೆ ಹೊಳೆಯುವುದು ಹೀಗೆ. ಇಕ್ಕಟ್ಟಾದ ಸಂದಿನಲ್ಲಿ ಉಪ್ಪುನೀರು ನಿಂತುಬಿಟ್ಟರೆ ಅಲ್ಲಿನ ಆಮ್ಲಜನಕ ಬೇಗ ಮುಗಿಯುತ್ತದೆ, ಹರಿದ ಪದರ ಮತ್ತೆ ಕಟ್ಟುವುದಿಲ್ಲ. ಉಪ್ಪಿನ ಕ್ಲೋರೈಡ್ ಅದೇ ಜಾಗವನ್ನು ಕೊರೆಯುತ್ತಾ ಹೋಗುತ್ತದೆ. ಮೇಲೆ ಸೂಜಿಮೊನೆಯಷ್ಟು ತೂತು ಕಂಡಲ್ಲಿ ಒಳಗೆ ದೊಡ್ಡ ಪೊಳ್ಳೇ ಇರಬಹುದು.

ಆ ಕಾಲದ ಎಷ್ಟೋ ದೋಣಿಗಳಲ್ಲಿ ಚುಕ್ಕಾಣಿಯನ್ನು ಕಟ್ಟುತ್ತಿದ್ದ ಬಗೆ ಹೀಗೆ: ದೋಣಿಯ ತಳವನ್ನು ತೂರಿ ಕೆಳಗಿಳಿಯುವ ಉಕ್ಕಿನ ದಂಡ, ಅದಕ್ಕೆ ಬೆಸೆದ ಉಕ್ಕಿನ ಪಟ್ಟಿಗಳು, ಎರಡು ಬದಿಗೆ ಫೈಬರ್‌ಗ್ಲಾಸಿನ ಚಿಪ್ಪು, ನಡುವೆ ತುಂಬಿದ ಫೋಮ್. ಚಿಪ್ಪು, ಫೋಮ್ ಸೇರಿದ್ದೇ ಚುಕ್ಕಾಣಿಯ ಹಲಗೆ. ಮೇಲೆ ಟಿಲ್ಲರ್ (ಹಿಡಿಕೋಲು) ಅಥವಾ ಚಕ್ರ ತಿರುಗಿಸಿದರೆ ತಿರುಗುವುದು ದಂಡ. ಆ ಬಲವನ್ನು ಹಲಗೆಗೆ ಮುಟ್ಟಿಸುವವು ಒಳಗಿನ ಪಟ್ಟಿಗಳು. ಯಾರ ಕಣ್ಣಿಗೂ ಬೀಳದ ಅವುಗಳ ಬೆಸುಗೆಯ ಮೇಲೆಯೇ ಎಲ್ಲ ನಿಂತಿದೆ. ಕೆಲವು ಹಳೆಯ ಚುಕ್ಕಾಣಿಗಳಲ್ಲಂತೂ ದಂಡ ಮಾತ್ರ ಸ್ಟೇನ್‌ಲೆಸ್, ಪಟ್ಟಿಗಳು ಸಾದಾ ಕಬ್ಬಿಣದವು.

ನೀರು ಒಳಗಿಳಿಯುವುದು ಹೆಚ್ಚಾಗಿ ನೆತ್ತಿಯಿಂದ, ದಂಡ ಹಲಗೆಯನ್ನು ಹೊಗುವ ಜಾಗದಿಂದ. ನುಣುಪಾದ ಉಕ್ಕಿಗೆ ಫೈಬರ್‌ಗ್ಲಾಸಿನ ರಾಳ ಗಟ್ಟಿಯಾಗಿ ಅಂಟುವುದಿಲ್ಲ. ಬಿಸಿಲು, ಚಳಿಗೆ ಇವೆರಡೂ ಹಿಗ್ಗಿ ಕುಗ್ಗುವ ಪ್ರಮಾಣವೂ ಒಂದೇ ಅಲ್ಲ. ಕೂದಲೆಳೆಯ ಸಂದು ಬಿಟ್ಟರೆ ಸಾಕು, ಫೋಮ್ ನೀರು ಕುಡಿಯುತ್ತದೆ. ಮೇರಿಲ್ಯಾಂಡಿನ ಚಳಿಗಾಲದಲ್ಲಿ ಇದಕ್ಕೆ ಇನ್ನೊಂದು ಕಾಟ ಸೇರುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗಿ, ಚಿಪ್ಪುಗಳ ಅಂಚಿನ ಅಂಟನ್ನೇ ಬಿಡಿಸುತ್ತದೆ.

ಪರೀಕ್ಷೆಗೆ ದೋಣಿ ದಡದ ಮೇಲಿರಬೇಕು. ಎತ್ತಿ ನಿಲ್ಲಿಸಿದ ಮೇಲೆ ಕೆಲವು ದಿನ ಸುಮ್ಮನೆ ಬಿಡಿ. ಉಳಿದೆಲ್ಲ ಒಣಗಿದ ಮೇಲೂ ಹಲಗೆಯ ಕೆಳ ಅಂಚಿನಿಂದ ಕಂದುಬಣ್ಣದ ನೀರು ಜಿನುಗುತ್ತಿದ್ದರೆ ಒಳಗಿನ ಉಕ್ಕು ಕರಗುತ್ತಿದೆ ಎಂದೇ ತಿಳಿಯಬೇಕು. ಸಣ್ಣ ಸುತ್ತಿಗೆಯ ಹಿಡಿಯಿಂದ ಹಲಗೆಯುದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿಯಿದ್ದಲ್ಲಿ ಸದ್ದು ಖಣಖಣ, ಚಿಪ್ಪು ಫೋಮಿನಿಂದ ಬಿಟ್ಟಲ್ಲಿ ಮಂಕು. ಅನುಮಾನ ಬಂದರೆ ತೀರಾ ಕೆಳಗೆ 6 ಮಿ.ಮೀ. ಡ್ರಿಲ್ಲಿನಿಂದ ಒಂದು ತೂತು ಹಾಕಿ ಏನು ಇಳಿಯುತ್ತದೆ ನೋಡುತ್ತಾರೆ. ಈ ತೂತನ್ನು ಮುಚ್ಚುವುದು ಸುಲಭ. ಚಳಿದೇಶಗಳಲ್ಲಿ ಪ್ರತಿ ವರ್ಷ ಹೀಗೆ ನೀರು ಬಸಿದು, ವಸಂತದಲ್ಲಿ ಮತ್ತೆ ಮುಚ್ಚುವವರೂ ಉಂಟು.

ಮುಖ್ಯ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಮೇಲೆ ಟಿಲ್ಲರನ್ನು ಅಲುಗದಂತೆ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ನಿಂತು ಹಲಗೆಯ ಹಿಂದಿನ ಅಂಚನ್ನು ಎಡಕ್ಕೂ ಬಲಕ್ಕೂ ತಳ್ಳಬೇಕು. ದಂಡ ನಿಂತಲ್ಲೇ ನಿಂತು ಹಲಗೆ ಮಾತ್ರ ತಿರುಗಿದರೆ ಒಳಗಿನ ಬೆಸುಗೆ ಬಿಟ್ಟಿದೆ, ಆ ದೋಣಿಯನ್ನು ನೀರಿಗಿಳಿಸಬಾರದು. ಇಡೀ ಚುಕ್ಕಾಣಿಯೇ ಅಡ್ಡಡ್ಡ ಲೊಟಲೊಟ ಅಲುಗಿದರೆ ಸವೆದಿರುವುದು ದಂಡವನ್ನು ಹಿಡಿದಿರುವ ಬುಶ್, ಅದು ಅಷ್ಟು ದೊಡ್ಡ ವಿಷಯವಲ್ಲ. ತಿರುಗಿಸಲು ಬಿಗಿಯಾಗಿದ್ದರೆ ನೈಲಾನ್ ಬುಶ್ ನೀರು ಕುಡಿದು ಊದಿರಬಹುದು, ಇಲ್ಲವೇ ದಂಡ ಬಾಗಿರಬಹುದು. ಚಕ್ರವಿರುವ ದೋಣಿಯಲ್ಲಿ ಕೇಬಲ್ಲು, ಗಾಲಿಗಳನ್ನೂ ನೋಡಬೇಕು. ನಮ್ಮ ನೌಕಾಪಡೆಯ ಮಹಿಳೆಯರು ಭೂಪ್ರದಕ್ಷಿಣೆ ಮಾಡಿದ ಐಎನ್‌ಎಸ್‌ವಿ ತಾರಿಣಿ 2018ರಲ್ಲಿ ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಿಲ್ಲಬೇಕಾಗಿ ಬಂದದ್ದು ಸ್ಟೀರಿಂಗ್ ಕೆಟ್ಟದ್ದರಿಂದಲೇ.

ಕಳಚುವುದಕ್ಕೂ ತಯಾರಿ ಬೇಕು. ದಂಡ ದೋಣಿಯ ಒಳಗೆ ಎಷ್ಟು ಉದ್ದವಿದೆಯೋ ಅಷ್ಟು ಜಾಗ ಚುಕ್ಕಾಣಿಯ ಕೆಳಗೆ ಬೇಕು. ದೋಣಿಯನ್ನು ಎತ್ತರಕ್ಕೆ ಎತ್ತಿಸಬೇಕು, ಇಲ್ಲವೇ ನೆಲದಲ್ಲಿ ಗುಂಡಿ ತೋಡಬೇಕು. ನೀರು ಕುಡಿದ ಚುಕ್ಕಾಣಿ ಎಣಿಸಿದ್ದಕ್ಕಿಂತ ಭಾರ, ಕೆಳಗೆ ಜಾಕ್ ಕೊಡದೆ ಕೊನೆಯ ಬೋಲ್ಟ್ ಬಿಚ್ಚಬಾರದು.

ದುರಸ್ತಿಯೋ ಹೊಸದೋ ಎಂಬುದನ್ನು ತೀರ್ಮಾನಿಸುವುದು ದಂಡ. ಒಂದು ಬದಿಯ ಚಿಪ್ಪಿನಲ್ಲಿ ಕಿಟಕಿ ಕತ್ತರಿಸಿ ಒದ್ದೆ ಫೋಮನ್ನು ಕೆರೆದು ತೆಗೆದರೆ ಒಳಗಿನ ಸ್ಥಿತಿ ಕಾಣುತ್ತದೆ. ಪಟ್ಟಿ, ಬೆಸುಗೆ ಗಟ್ಟಿಯಿದ್ದರೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಸ ಫೋಮ್ ತುಂಬಿ, ಎಪಾಕ್ಸಿ ಮತ್ತು ಗ್ಲಾಸ್ ಬಟ್ಟೆಯಿಂದ ಮುಚ್ಚಬಹುದು. ಕತ್ತರಿಸಿದ ಅಂಚನ್ನು ಚಿಪ್ಪಿನ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿಕೊಂಡರೆ ಹೊಸತು ಹಳತನ್ನು ಕಚ್ಚಿ ಹಿಡಿಯುತ್ತದೆ. ನೆತ್ತಿಯಲ್ಲಿ ದಂಡದ ಸುತ್ತ ಸಣ್ಣ ತೋಡು ಕೊರೆದು ಅಲ್ಲಿ ಗಡಸು ಎಪಾಕ್ಸಿಯ ಬದಲು ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಇದನ್ನು ಮರೆತರೆ ಮತ್ತೆ ಅದೇ ಕಥೆ.

ದಂಡದಲ್ಲೇ ಗುಳಿ, ಬಿರುಕು ಕಂಡರೆ ತೇಪೆ ಬೇಡ. ಕೆಳತುದಿಗೆ ಆಸರೆಯಿಲ್ಲದೆ ತೂಗುವ ಚುಕ್ಕಾಣಿಯಲ್ಲಿ ಬಾಗಿಸುವ ಬಲ ಅತಿ ಹೆಚ್ಚು ಬೀಳುವುದು ಕೆಳಗಿನ ಬುಶ್ಶಿನ ಹತ್ತಿರ, ದಂಡ ಮುರಿಯುವುದೂ ಹೆಚ್ಚಾಗಿ ಅಲ್ಲೇ. ದೋಣಿಯ ವೇಗ ಇಮ್ಮಡಿಯಾದರೆ ಚುಕ್ಕಾಣಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಕೊಲ್ಲಿಯಲ್ಲಿ ನಿಧಾನವಾಗಿ ತೇಲುವಾಗ ತಡೆದುಕೊಂಡ ದಂಡ ಬಿರುಗಾಳಿಯ ದಿನ ತಡೆದುಕೊಳ್ಳಲಾರದು.

ಹೊಸದು ಮಾಡಿಸುವಾಗ ಹಳೆಯದರ ಆಕಾರ, ಅಳತೆ ಕದಲದಿರಲಿ. ದಂಡದ ಮುಂದೆ ಹಲಗೆ ಎಷ್ಟು ಚಾಚಿದೆ ಎಂಬುದರ ಮೇಲೆಯೇ ಟಿಲ್ಲರ್ ಹಗುರವೋ ಭಾರವೋ ಎಂಬುದು ನಿಂತಿದೆ. ಹಗುರವೆಂಬ ಒಂದೇ ಕಾರಣಕ್ಕೆ ಹೊಸ ವಸ್ತುವಿಗೆ ಮಾರುಹೋಗುವುದೂ ಬೇಡ. 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯ ಬಿರುಗಾಳಿಯಲ್ಲಿ ಹಲವು ದೋಣಿಗಳ ಆಗಿನ ಕಾಲದ ಕಾರ್ಬನ್ ಫೈಬರ್ ಚುಕ್ಕಾಣಿಗಳೇ ಮುರಿದಿದ್ದವು. ವಸ್ತುವಿಗಿಂತ ಲೆಕ್ಕಾಚಾರ, ಕಟ್ಟಣೆ ಮುಖ್ಯ.

ಆದ್ದರಿಂದ ಪರೀಕ್ಷಕರು ಹೇಳಿದ್ದು ಸರಿ. ಚುಕ್ಕಾಣಿಯನ್ನು ಈ ಚಳಿಗಾಲದಲ್ಲೇ ಬಿಚ್ಚಿಸಲು ಹೇಳಿ, ಹೇಗೂ ದೋಣಿ ದಡದಲ್ಲಿರುತ್ತದೆ. ದಂಡ ಗಟ್ಟಿಯಿದ್ದರೆ ಸೀಲೆಂಟು, ಬುಶ್ಶಿನ ಖರ್ಚಿನಲ್ಲೇ ಮುಗಿಯಬಹುದು. ಇಲ್ಲದಿದ್ದರೆ ಹೊಸ ಚುಕ್ಕಾಣಿ ಬರುವ ತನಕ ಹಾಯಿ ಮಡಚಿಯೇ ಇರಲಿ.